ಬಾಗಿಲು ತಟ್ಟದೆ ಬರುವ ಕಾವಲು

ಉತ್ತರ ಪ್ರದೇಶದ ಖರಕ್ ಸಿಂಗ್ ಎಂಬಾತನ ಹೆಸರು ನ್ಯಾಯಶಾಸ್ತ್ರದ ವಿದ್ಯಾರ್ಥಿಗಳಿಗೆಲ್ಲ ಪರಿಚಿತವಾದುದು. ಉಳಿದವರಿಗಾಗಿ ಅವನ ಕಥೆಯನ್ನು ನಾಲ್ಕು ಮಾತಿನಲ್ಲಿ ಹೇಳಬೇಕು. ದರೋಡೆಯ ಆಪಾದನೆಯ ಮೇಲೆ ಅವನನ್ನು ಹಿಡಿದಿದ್ದರು. ಸಾಕ್ಷ್ಯ ಸಾಲದೆ ಬಿಟ್ಟರು. ಬಿಟ್ಟರೂ ಠಾಣೆಯ ಪುಸ್ತಕದಲ್ಲಿ ಅವನ ಹೆಸರು ಉಳಿಯಿತು. ಅಲ್ಲಿಂದ ಮುಂದೆ ಹೊತ್ತಲ್ಲದ ಹೊತ್ತಿನಲ್ಲಿ ಚೌಕಿದಾರನೋ ಪೋಲೀಸಿನವನೋ ಬಂದು ಬಾಗಿಲು ತಟ್ಟುವುದು, ನಿದ್ದೆಯಲ್ಲಿದ್ದವನನ್ನು ಕೂಗಿ ಎಬ್ಬಿಸುವುದು, ಬೇರೆ ಊರಿಗೆ ಹೊರಟರೆ ತಿಳಿಸಿಯೇ ಹೋಗಬೇಕೆಂದು ಕಟ್ಟು ಮಾಡುವುದು ನಡೆಯಿತು. ಆತ ಸರ್ವೋಚ್ಚ ನ್ಯಾಯಾಲಯದ ಮೆಟ್ಟಿಲು ಹತ್ತಿದ. 1962ರ ಡಿಸೆಂಬರಿನಲ್ಲಿ ತೀರ್ಪು ಬಂದಿತು. ನಡುರಾತ್ರಿಯಲ್ಲಿ ಮನೆ ಹೊಗುವುದು ಸಲ್ಲದೆಂದು ನ್ಯಾಯಾಲಯ ಹೇಳಿತು. ಆದರೆ ಹಿಂದೆ ಬೀಳುವುದು, ನಡೆನುಡಿಗಳನ್ನು ಗುರುತು ಹಾಕಿಕೊಳ್ಳುವುದು ಮೊದಲಾದ ಉಳಿದ ಕಾವಲಿಗೆ ಅಡ್ಡಿಯಿಲ್ಲವೆಂದೂ, ಖಾಸಗಿತನವೆಂಬುದು ನಮ್ಮ ಸಂವಿಧಾನ ಕೊಟ್ಟ ಹಕ್ಕುಗಳಲ್ಲಿ ಸೇರಿಲ್ಲವೆಂದೂ ಬಹುಮತದ ನ್ಯಾಯಮೂರ್ತಿಗಳು ಬರೆದರು. ನ್ಯಾಯಮೂರ್ತಿ ಸುಬ್ಬರಾವ್ ಅವರು ಮಾತ್ರ, ನ್ಯಾಯಮೂರ್ತಿ ಷಾ ಅವರೊಡಗೂಡಿ, ಬೇರೆ ದಾರಿ ಹಿಡಿದರು. ಸದಾ ಬೆನ್ನ ಹಿಂದೆ ಒಂದು ಕಣ್ಣಿದ್ದರೆ ಮನುಷ್ಯ ಸ್ವತಂತ್ರನಾಗಿ ನಡೆಯುತ್ತಿರುವಂತೆ ಕಂಡರೂ ಅವನಿಗೆ ಇಡೀ ದೇಶವೇ ಸೆರೆಮನೆಯಾಗುತ್ತದೆ ಎಂಬುದು ಅವರ ಅಭಿಪ್ರಾಯದ ತಿರುಳು.

ಈ ಹಳೆಯ ಮೊಕದ್ದಮೆಯಲ್ಲಿ ಒಂದು ಚಿಕ್ಕ ಸಂಗತಿ ಯಾರ ಗಮನಕ್ಕೂ ಬಾರದೆ ಹೋಗುತ್ತದೆ. ತನ್ನ ಮೇಲೆ ಕಾವಲಿದೆ ಎಂಬುದು ಖರಕ್ ಸಿಂಗನಿಗೆ ಗೊತ್ತಿತ್ತು. ಬಾಗಿಲು ತಟ್ಟಿದ ಸದ್ದು ಅವನ ಕಿವಿಗೆ ಬಿದ್ದಿತ್ತು. ಆದುದರಿಂದಲೇ ಆತ ದೂರು ಕೊಡಬಲ್ಲವನಾದ.

ಸುಬ್ಬರಾಯರ ಅಲ್ಪಮತ ನಾಡಿನ ನ್ಯಾಯವಾಗಲು ಐವತ್ತೈದು ವರ್ಷ ಹಿಡಿಯಿತು. ಅದನ್ನು ಆಗುಮಾಡಿಸಿದವರು ನಮ್ಮವರೇ ಆದ ಒಬ್ಬ ಹಿರಿಯರು. ಕರ್ನಾಟಕ ಉಚ್ಚ ನ್ಯಾಯಾಲಯದ ನಿವೃತ್ತ ನ್ಯಾಯಮೂರ್ತಿ ಕೆ. ಎಸ್. ಪುಟ್ಟಸ್ವಾಮಿಯವರು 2012ರಲ್ಲಿ, ತಮ್ಮ ಎಂಬತ್ತಾರನೆಯ ವಯಸ್ಸಿನಲ್ಲಿ, ಆಧಾರ್ ಯೋಜನೆಯನ್ನು ಪ್ರಶ್ನಿಸಿ ಸರ್ವೋಚ್ಚ ನ್ಯಾಯಾಲಯಕ್ಕೆ ಅರ್ಜಿ ಹಾಕಿದರು. ಬೆರಳಚ್ಚು, ಕಣ್ಣಿನ ಪಾಪೆಯ ಗುರುತುಗಳನ್ನು ಕಾಯಿದೆಯ ಆಧಾರವೇ ಇಲ್ಲದೆ ಕೂಡಿಹಾಕುವುದು ಸರಿಯೆ ಎಂಬುದು ಅವರ ಪ್ರಶ್ನೆ. ಅದಕ್ಕೆ ಎದುರಾಗಿ ಸರ್ಕಾರದ ಪರ ವಕೀಲರು ಹೂಡಿದ ವಾದ ವಿಚಿತ್ರವಾಗಿತ್ತು: ಖಾಸಗಿತನ ಮೂಲಭೂತ ಹಕ್ಕೇ ಅಲ್ಲ, ಬೇಕಾದರೆ 1954ರ ಎಂ. ಪಿ. ಶರ್ಮಾ ತೀರ್ಪನ್ನೂ 1962ರ ಖರಕ್ ಸಿಂಗ್ ತೀರ್ಪನ್ನೂ ನೋಡಿರಿ ಎಂದರು. ಆ ತೀರ್ಪುಗಳನ್ನು ಒರೆಗೆ ಹಚ್ಚಲು ಒಂಬತ್ತು ನ್ಯಾಯಮೂರ್ತಿಗಳ ಪೀಠ ಕೂಡಬೇಕಾಯಿತು. 2017ರ ಆಗಸ್ಟ್ 24ರಂದು ಆ ಒಂಬತ್ತು ಮಂದಿಯೂ ಏಕಕಂಠದಿಂದ, ಆದರೆ ಆರು ಬೇರೆ ಬೇರೆ ಬರಹಗಳಲ್ಲಿ, ಖಾಸಗಿತನ ಮೂಲಭೂತ ಹಕ್ಕೆಂದು ಸಾರಿದರು. ಪ್ರಧಾನ ತೀರ್ಪನ್ನು ಬರೆದ ನ್ಯಾಯಮೂರ್ತಿ ಚಂದ್ರಚೂಡರು ಅದರಲ್ಲಿಯೇ ತುರ್ತುಪರಿಸ್ಥಿತಿಯ ಕಾಲದ ಜಬಲ್ಪುರ ತೀರ್ಪನ್ನೂ ತಳ್ಳಿಹಾಕಿದರು. 1976ರ ಆ ತೀರ್ಪನ್ನು ಕೊಟ್ಟ ಪೀಠದಲ್ಲಿ ಬಹುಮತದ ಕಡೆಯಿದ್ದವರಲ್ಲಿ ಅವರ ತಂದೆಯವರೂ ಒಬ್ಬರು. ನಮ್ಮ ನ್ಯಾಯಾಲಯಗಳ ಇತಿಹಾಸದಲ್ಲಿ ಇಂಥ ಪ್ರಸಂಗ ಅಪರೂಪ.

ಹಕ್ಕಿಗೆ ಮಿತಿ ಇಲ್ಲವೆಂದು ಆ ಪೀಠವೇನೂ ಹೇಳಲಿಲ್ಲ. ಸರ್ಕಾರ ವ್ಯಕ್ತಿಯ ಒಳಬದುಕಿಗೆ ಕೈ ಹಾಕಬಹುದು. ಆದರೆ ಅದಕ್ಕೊಂದು ಕಾಯಿದೆ ಇರಬೇಕು, ಆ ಕಾಯಿದೆಗೆ ನ್ಯಾಯವಾದ ಉದ್ದೇಶವಿರಬೇಕು, ಹಾಕಿದ ಕೈ ಆ ಉದ್ದೇಶಕ್ಕೆ ಬೇಕಾದಷ್ಟೇ ಉದ್ದವಿರಬೇಕು. ನ್ಯಾಯಮೂರ್ತಿ ಕೌಲ್ ಅವರು ಇದಕ್ಕೆ ಇನ್ನೊಂದನ್ನು ಸೇರಿಸಿದರು: ಅಧಿಕಾರದ ದುರುಪಯೋಗವಾಗದಂತೆ ಕಾರ್ಯವಿಧಾನದಲ್ಲಿಯೇ ಕಟ್ಟುಪಾಡುಗಳಿರಬೇಕು. ಮೊದಲ ಮೂರರ ಮೇಲೆ ನಮ್ಮಲ್ಲಿ ಬೇಕಾದಷ್ಟು ಚರ್ಚೆಯಾಗಿದೆ. ಈ ನಾಲ್ಕನೆಯದು ಮೂಲೆಗೆ ಬಿದ್ದಿದೆ. ಇಂದಿನ ಕಾವಲಿನ ಬಗೆಯನ್ನು ನೋಡಿದರೆ ಎಲ್ಲವೂ ನಿಂತಿರುವುದು ಅದರ ಮೇಲೆಯೇ ಎಂದು ಈ ಲೇಖಕನಿಗೆ ತೋರುತ್ತದೆ.

ಏಕೆಂದರೆ ಇಂದಿನ ಕಾವಲು ಬಾಗಿಲು ತಟ್ಟುವುದಿಲ್ಲ. ದೂರವಾಣಿಯಲ್ಲಿ ನಾವಾಡುವ ಮಾತನ್ನು ಮೂರನೆಯವನೊಬ್ಬ ಕೇಳುತ್ತಿದ್ದರೆ ತಂತಿಯಲ್ಲಿ ಸದ್ದಾಗುತ್ತದೆಂಬ ನಂಬಿಕೆ ಹಿಂದೆ ಇತ್ತು. ಈಗ ಅದೂ ಇಲ್ಲ. ಈ ಅಧಿಕಾರ ಮಾತ್ರ ಹಳೆಯದೇ. 1885ರ ಟೆಲಿಗ್ರಾಫ್ ಕಾಯಿದೆಯಲ್ಲಿ ಬ್ರಿಟಿಷರು ಅದನ್ನು ಬರೆದಿಟ್ಟರು. ಸ್ವತಂತ್ರ ಭಾರತ ಅದನ್ನು ಹಾಗೆಯೇ ಉಳಿಸಿಕೊಂಡಿತು. ರಾಜಕಾರಣಿಗಳ ದೂರವಾಣಿಗಳನ್ನು ಕದ್ದಾಲಿಸಿದ ಬಗ್ಗೆ ಸಿ.ಬಿ.ಐ. ಸಿದ್ಧಪಡಿಸಿದ್ದ ವರದಿಯೊಂದು 1991ರಲ್ಲಿ ‘ಮೇನ್‌ಸ್ಟ್ರೀಮ್’ ಪತ್ರಿಕೆಯಲ್ಲಿ ಅಚ್ಚಾಯಿತು. ಅದನ್ನು ಹಿಡಿದು ಪಿ.ಯು.ಸಿ.ಎಲ್. ಸಂಸ್ಥೆ ನ್ಯಾಯಾಲಯಕ್ಕೆ ಹೋಯಿತು. 1996ರಲ್ಲಿ ಸರ್ವೋಚ್ಚ ನ್ಯಾಯಾಲಯ ಕೆಲವು ಕಟ್ಟಳೆಗಳನ್ನು ಹಾಕಿತು: ಆಜ್ಞೆಯನ್ನು ಗೃಹ ಕಾರ್ಯದರ್ಶಿಯೇ ಕೊಡಬೇಕು, ಎರಡು ತಿಂಗಳೊಳಗೆ ಹಿರಿಯ ಅಧಿಕಾರಿಗಳ ಸಮಿತಿಯೊಂದು ಅದನ್ನು ಪರಿಶೀಲಿಸಬೇಕು, ಒಟ್ಟು ಆರು ತಿಂಗಳಿಗಿಂತ ಹೆಚ್ಚು ಮುಂದುವರಿಸಬಾರದು. ನ್ಯಾಯಾಧೀಶರ ಅಪ್ಪಣೆ ಬೇಕೆಂಬ ಬೇಡಿಕೆಯನ್ನು ಮಾತ್ರ ಅದು ಒಪ್ಪಲಿಲ್ಲ. 2023ರಲ್ಲಿ ಹೊಸ ದೂರಸಂಪರ್ಕ ಕಾಯಿದೆ ಬಂದಿತು. 2024ರ ಡಿಸೆಂಬರಿನಲ್ಲಿ ಹೊಸ ನಿಯಮಗಳೂ ಬಂದವು. ಹೆಸರು ಬದಲಾಯಿತು, ಏರ್ಪಾಡಿನ ಸ್ವರೂಪ ಬದಲಾಗಲಿಲ್ಲ. ಆಜ್ಞೆ ಕೊಡುವವರು ಕಾರ್ಯದರ್ಶಿಗಳು, ಪರಿಶೀಲಿಸುವವರೂ ಕಾರ್ಯದರ್ಶಿಗಳು. ಅಂಚೆಯ ವಿಷಯವೂ ಹೀಗೆಯೇ. ಪತ್ರಗಳನ್ನು ಒಡೆದು ನೋಡುವ ಅಧಿಕಾರವನ್ನು ಹಿಗ್ಗಿಸುವ ಮಸೂದೆಯೊಂದನ್ನು 1986ರಲ್ಲಿ ಸಂಸತ್ತು ಒಪ್ಪಿದ್ದರೂ ರಾಷ್ಟ್ರಪತಿ ಜೈಲ್ ಸಿಂಗರು ಅಂಕಿತ ಹಾಕದೆ ಇಟ್ಟುಕೊಂಡಿದ್ದರು. 2023ರ ಅಂಚೆ ಕಚೇರಿ ಕಾಯಿದೆಯಲ್ಲಿ ಅಂಥ ಅಧಿಕಾರ ಹೆಚ್ಚು ಸದ್ದುಗದ್ದಲವಿಲ್ಲದೆ ಸೇರಿಕೊಂಡಿತು.

ಆ ಪರಿಶೀಲನಾ ಸಮಿತಿಯ ವಿಚಾರವನ್ನು ಸ್ವಲ್ಪ ನಿಂತು ನೋಡಬೇಕು. ದತ್ತಾಂಶ ಸಂರಕ್ಷಣೆಯನ್ನು ಕುರಿತು ಸರ್ಕಾರವೇ ನೇಮಿಸಿದ್ದ ನ್ಯಾಯಮೂರ್ತಿ ಶ್ರೀಕೃಷ್ಣ ಸಮಿತಿ 2018ರ ತನ್ನ ವರದಿಯಲ್ಲಿ ಒಂದು ಅಂಕಿಯನ್ನು ಕೊಟ್ಟಿತು. ಎರಡು ತಿಂಗಳಿಗೊಮ್ಮೆ ಸೇರುವ ಪರಿಶೀಲನಾ ಸಮಿತಿಯ ಮುಂದೆ ಒಂದೊಂದು ಸಭೆಯಲ್ಲಿಯೂ 15,000ದಿಂದ 18,000 ಆಜ್ಞೆಗಳು ಬರುತ್ತವೆಯಂತೆ. ಲೆಕ್ಕ ಕಷ್ಟದ್ದಲ್ಲ. ಸಮಿತಿಯವರು ಊಟ ತಿಂಡಿ ಬಿಟ್ಟು ಎಂಟು ಗಂಟೆ ಎಡೆಬಿಡದೆ ಕುಳಿತರೂ ಒಂದು ಆಜ್ಞೆಗೆ ಎರಡು ಸೆಕೆಂಡು ಸಿಕ್ಕುವುದಿಲ್ಲ. ಆಜ್ಞೆಯ ಹಾಳೆಯನ್ನು ಮಗುಚಿ ಹಾಕಲಿಕ್ಕೇ ಅಷ್ಟು ಹೊತ್ತು ಬೇಕು. ಇದನ್ನು ಪರಿಶೀಲನೆಯೆನ್ನುವುದು ಭಾಷೆಗೆ ಮಾಡುವ ಅಪಚಾರ. ಇಷ್ಟರ ಮೇಲೆ ದಾಖಲೆಗಳನ್ನು ಆರು ತಿಂಗಳಿಗೊಮ್ಮೆ ನಾಶಮಾಡಬೇಕೆಂಬ ನಿಯಮವೂ ಇದೆ. ಕೇಳಿಸಿಕೊಂಡ ಮಾತುಗಳು ಕಂಡವರ ಕೈಗೆ ಸಿಕ್ಕದಿರಲೆಂಬ ಸದುದ್ದೇಶ ಅದಕ್ಕಿರಬಹುದು. ಆದರೆ ಅದರಿಂದ ತಪ್ಪಿನ ಗುರುತೂ ಅಳಿಸಿಹೋಗುತ್ತದೆ.

ಇಲ್ಲಿ ಕೌಟಿಲ್ಯನ ನೆನಪಾಗುತ್ತದೆ. ಮೈಸೂರಿನ ಓರಿಯಂಟಲ್ ಲೈಬ್ರರಿಯ ತಾಳೆಯೋಲೆಗಳ ನಡುವೆ ಸಿಕ್ಕ ಅರ್ಥಶಾಸ್ತ್ರವನ್ನು ಪಂಡಿತ ಶಾಮಶಾಸ್ತ್ರಿಗಳು 1909ರಲ್ಲಿ ಅಚ್ಚು ಹಾಕಿಸಿದಾಗ ಜಗತ್ತು ಬೆರಗಾದದ್ದು ಆ ಗ್ರಂಥದ ಗೂಢಪುರುಷರನ್ನು ಕಂಡು. ಸಂನ್ಯಾಸಿಯ ವೇಷದವರು, ಬೇಸಾಯಗಾರನ ವೇಷದವರು, ವ್ಯಾಪಾರಿಯ ವೇಷದವರು—ರಾಜನ ಕಣ್ಣು ಹೋಗದ ಮನೆಯೇ ಇರಬಾರದೆಂದು ಆತ ಬರೆದ. ಅಂಥ ಕೌಟಿಲ್ಯನೂ ಒಬ್ಬ ಗೂಢಚಾರನ ಮಾತನ್ನು ನಂಬಬೇಡ, ಒಬ್ಬರನ್ನೊಬ್ಬರು ಅರಿಯದ ಮೂವರ ಮಾತು ಒಂದಾದರೆ ಮಾತ್ರ ನಂಬು ಎಂದು ಕಟ್ಟು ಮಾಡಿದ. ಅದು ರಾಜನ ಕ್ಷೇಮಕ್ಕಾಗಿ ಮಾಡಿದ್ದೇ ಹೊರತು ಪ್ರಜೆಯ ಮೇಲಿನ ಕರುಣೆಯಿಂದಲ್ಲ, ನಿಜ. ಆದರೂ ಅಲ್ಲಿ ಒಂದು ತಾಳೆ ನೋಡುವ ಕ್ರಮವಿತ್ತು.

ಹೊರದೇಶಗಳಲ್ಲಿ ಏನು ಮಾಡಿದ್ದಾರೆ? ಅಮೆರಿಕೆಯ 1968ರ ಕಾಯಿದೆಯಂತೆ ಅಪರಾಧ ತನಿಖೆಗಾಗಿ ದೂರವಾಣಿ ಕೇಳಬೇಕಾದರೆ ನ್ಯಾಯಾಧೀಶರ ಆಜ್ಞೆ ಬೇಕು. ಕೇಳುವುದು ಮುಗಿದ 90 ದಿನಗಳೊಳಗೆ, ಸಾಮಾನ್ಯವಾಗಿ, ಆ ಮನುಷ್ಯನಿಗೆ “ನಿನ್ನ ಮಾತನ್ನು ಇಂಥ ದಿನದಿಂದ ಇಂಥ ದಿನದವರೆಗೆ ಕೇಳಿದ್ದೇವೆ” ಎಂದು ತಿಳಿಸಬೇಕು. ಅಮೆರಿಕೆಯವರನ್ನು ಹೊಗಳುವುದಕ್ಕಾಗಿ ಇದನ್ನು ಹೇಳುತ್ತಿಲ್ಲ. ವಿದೇಶೀ ಬೇಹುಗಾರಿಕೆಯ ಹೆಸರಿನಲ್ಲಿ ಅದೇ ದೇಶ ಲೋಕದ ಮಾತನ್ನೆಲ್ಲ ಬಲೆ ಬೀಸಿ ಹಿಡಿಯುತ್ತಿದ್ದುದನ್ನು 2013ರಲ್ಲಿ ಎಡ್ವರ್ಡ್ ಸ್ನೋಡೆನ್ ಬಯಲು ಮಾಡಿದ್ದು ಎಲ್ಲರಿಗೂ ತಿಳಿದಿದೆ. ಆದರೆ ತಿಳಿಸಿದರೆ ಪೋಲೀಸರ ಕೆಲಸವೇ ಕೆಡುತ್ತದೆಂಬ ವಾದಕ್ಕೆ ಆ 90 ದಿನದ ನಿಯಮ ಅರ್ಧ ಶತಮಾನಕ್ಕೂ ಮೀರಿ ಉತ್ತರವಾಗಿ ನಿಂತಿದೆ. ನಮ್ಮಲ್ಲಿ ತನಿಖೆ ಮುಗಿದ ಮೇಲೂ, ಆ ಮನುಷ್ಯ ನಿರಪರಾಧಿಯೆಂದು ಕಂಡುಬಂದ ಮೇಲೂ, ತಿಳಿಸಬೇಕಾಗಿಲ್ಲ.

ಹಾಗಾದರೆ ಈ ದೇಶದಲ್ಲಿ ಕದ್ದಾಲಿಕೆ ಬೆಳಕಿಗೆ ಬಂದುದು ಯಾವಾಗ? ಬಹುಮಟ್ಟಿಗೆ ಆಕಸ್ಮಿಕವಾಗಿ, ಇಲ್ಲವೆ ರಾಜಕೀಯದ ಮೇಲಾಟದಲ್ಲಿ. 1988ರ ಆಗಸ್ಟಿನಲ್ಲಿ ನಮ್ಮ ರಾಜ್ಯದ ಮುಖ್ಯಮಂತ್ರಿ ರಾಮಕೃಷ್ಣ ಹೆಗಡೆಯವರು ದೂರವಾಣಿ ಕದ್ದಾಲಿಕೆಯ ಆರೋಪದ ಬಿರುಗಾಳಿಗೆ ಸಿಕ್ಕಿ ಅಧಿಕಾರ ಬಿಟ್ಟರು. ಆ ಸಂಗತಿ ಹೊರಬಿದ್ದುದು ಕೇಂದ್ರಕ್ಕೂ ರಾಜ್ಯಕ್ಕೂ ಹಗ್ಗಜಗ್ಗಾಟ ನಡೆಯುತ್ತಿದ್ದ ಕಾಲದಲ್ಲಿ. ಯಾರ ದೂರವಾಣಿಯನ್ನು ಕೇಳಿದ್ದರೆಂದು ಹೇಳಲಾಯಿತೋ ಅವರಿಗೆ ಕಾಯಿದೆಯೇ ಬಂದು ತಿಳಿಸಿತೆಂದಲ್ಲ.

ಮಾತನ್ನು ಕೇಳುವುದು ಒಂದಾದರೆ ಮಾತನ್ನು ತಡೆಯುವುದು ಇನ್ನೊಂದು. ಇವೆರಡೂ ಬೇರೆ ಬೇರೆ ವಿಷಯವೆಂದು ಸಾಮಾನ್ಯವಾಗಿ ಭಾವಿಸುತ್ತೇವೆ. ಅಂತರ್ಜಾಲದಲ್ಲಿ ಇವು ಒಂದೇ ಗುಟ್ಟಿನ ಎರಡು ಮುಖಗಳಾಗಿವೆ. 1975ರ ಜೂನಿನಲ್ಲಿ ತುರ್ತುಪರಿಸ್ಥಿತಿ ಬಂದಾಗ ಪತ್ರಿಕೆಗಳ ಮೇಲೆ ಮುಂಗಡ ಪರಿಶೀಲನೆ ಹೇರಲ್ಪಟ್ಟಿತು. ಜೂನ್ 28ರಂದು ‘ಇಂಡಿಯನ್ ಎಕ್ಸ್‌ಪ್ರೆಸ್’ ಪತ್ರಿಕೆ ಸಂಪಾದಕೀಯದ ಜಾಗವನ್ನು ಬರಿದಾಗಿ ಬಿಟ್ಟು ಹೊರಬಂದಿತು. ಆ ಬಿಳಿಯ ಜಾಗಕ್ಕಿಂತ ಗಟ್ಟಿಯಾಗಿ ಕೂಗಿದ ಸಂಪಾದಕೀಯ ಬೇರೊಂದಿರಲಾರದು. ಓದುಗನಿಗೆ ಏನು ಕಳೆದಿದೆಯೆಂದು ಗೊತ್ತಾಗದಿದ್ದರೂ ಏನೋ ಕಳೆದಿದೆಯೆಂಬುದು ಗೊತ್ತಾಗುತ್ತಿತ್ತು. ಅಂತರ್ಜಾಲದ ತಡೆಗೆ ಅಂಥ ಬಿಳಿಯ ಜಾಗವಿಲ್ಲ. ಒಂದು ಪುಟ ತೆರೆಯಲಿಲ್ಲವೆಂದರೆ ಶಿವಮೊಗ್ಗದ ವಿದ್ಯಾರ್ಥಿ ನೆಟ್‌ವರ್ಕ್ ನಿಧಾನವಾಗಿದೆಯೆಂದು ಗೊಣಗಿ ಬೇರೆ ಪುಟಕ್ಕೆ ಹೋಗುತ್ತಾನೆ. ಹುಡುಕಿದ್ದು ಸಿಕ್ಕದಿದ್ದರೆ ಇರಲೇ ಇಲ್ಲವೆಂದುಕೊಳ್ಳುತ್ತಾನೆ. ಕೆಲವು ಕಂಪನಿಗಳು “ಭಾರತದಲ್ಲಿ ತಡೆಹಿಡಿಯಲಾಗಿದೆ” ಎಂಬೊಂದು ಫಲಕವನ್ನು ತೋರಿಸುತ್ತವೆಂಬುದು ನಿಜ. ಯಾರು ತಡೆದರು, ಏಕೆ ತಡೆದರು ಎಂಬುದು ಆ ಫಲಕದಲ್ಲಿಲ್ಲ.

2000ದ ಮಾಹಿತಿ ತಂತ್ರಜ್ಞಾನ ಕಾಯಿದೆಗೆ ಆಮೇಲೆ ಸೇರಿಸಿದ 69ಎ ಕಲಮಿನಂತೆ ಕೇಂದ್ರ ಸರ್ಕಾರ ದೇಶದ ಭದ್ರತೆ, ಸಾರ್ವಜನಿಕ ಶಾಂತಿ ಮೊದಲಾದ ಕಾರಣಗಳಿಗಾಗಿ ಅಂತರ್ಜಾಲದ ಬರಹ, ಚಿತ್ರಗಳನ್ನು ತಡೆಯಬಹುದು. 2015ರ ಶ್ರೇಯಾ ಸಿಂಘಲ್ ಮೊಕದ್ದಮೆಯಲ್ಲಿ ಸರ್ವೋಚ್ಚ ನ್ಯಾಯಾಲಯ ಅದೇ ಕಾಯಿದೆಯ 66ಎ ಕಲಮನ್ನು ಹೊಡೆದುಹಾಕಿದರೂ ಈ 69ಎ ಕಲಮನ್ನು ಉಳಿಸಿತು. ಉಳಿಸಿದ್ದಕ್ಕೆ ಕೊಟ್ಟ ಕಾರಣ ಮುಖ್ಯವಾದುದು: ಇಲ್ಲಿ ಕಾರಣಗಳನ್ನು ಬರೆದಿಡಬೇಕು, ವಿಚಾರಣೆ ನಡೆಸಬೇಕು, ಆದುದರಿಂದ ನೊಂದವನು ಆ ಆಜ್ಞೆಯನ್ನು ಹಿಡಿದು ನ್ಯಾಯಾಲಯಕ್ಕೆ ಬರಬಹುದು. ಇದು ಸರಿಯಾದ ತರ್ಕ. ಆದರೆ ಅದೇ ಕಲಮಿನ ಕೆಳಗೆ 2009ರಲ್ಲಿ ಮಾಡಿದ ನಿಯಮಗಳಲ್ಲಿ ಹದಿನಾರನೆಯದೊಂದಿದೆ. ದೂರುಗಳನ್ನೂ ಅವುಗಳ ಮೇಲೆ ಕೈಗೊಂಡ ಕ್ರಮವನ್ನೂ ಕಟ್ಟುನಿಟ್ಟಾಗಿ ಗೋಪ್ಯವಾಗಿಡಬೇಕೆಂದು ಅದು ವಿಧಿಸುತ್ತದೆ. ಕಾರಣ ಬರೆದಿಟ್ಟಿದ್ದಾರೆ, ಆದರೆ ಅದನ್ನು ಪೆಟ್ಟಿಗೆಯಲ್ಲಿಟ್ಟು ಬೀಗ ಹಾಕಿದ್ದಾರೆ. ನ್ಯಾಯಾಲಯಕ್ಕೆ ಯಾವ ಕಾಗದವನ್ನು ಹಿಡಿದು ಹೋಗಬೇಕು?

ಹೊರಗೆ ಬಂದರೆ ಏನಾಗುತ್ತದೆಂಬುದಕ್ಕೆ ಬೆಂಗಳೂರಿಗೇ ಸಂಬಂಧಿಸಿದ ನಿದರ್ಶನವಿದೆ. 2012ರ ಆಗಸ್ಟಿನಲ್ಲಿ ಅಸ್ಸಾಮಿನ ಗಲಭೆಗಳ ಬೆನ್ನಲ್ಲೇ ಈಶಾನ್ಯ ರಾಜ್ಯಗಳ ಜನರ ಮೇಲೆ ಹಲ್ಲೆಯಾಗಲಿದೆಯೆಂಬ ಸುಳ್ಳು ಸುದ್ದಿ ನಗರದಲ್ಲಿ ಹಬ್ಬಿತು. ಹೋಟೆಲುಗಳಲ್ಲಿ, ಅಂಗಡಿಗಳಲ್ಲಿ, ಕಾವಲು ಕೆಲಸದಲ್ಲಿ ಇದ್ದವರೂ ವಿದ್ಯಾರ್ಥಿಗಳೂ ಸಾವಿರಗಟ್ಟಲೆಯಾಗಿ ರೈಲು ನಿಲ್ದಾಣಕ್ಕೆ ನುಗ್ಗಿದರು. ಗುವಾಹಟಿಗೆ ವಿಶೇಷ ರೈಲುಗಳನ್ನು ಬಿಡಬೇಕಾಯಿತು. ಆ ದಿನಗಳ ಭೀತಿ ಕಲ್ಪಿತವಲ್ಲ. ಸರ್ಕಾರ ಸಾಮೂಹಿಕ ಸಂದೇಶಗಳಿಗೆ ಐದರ ಮಿತಿ ಹಾಕಿತು. ಅಂತರ್ಜಾಲದ ನೂರಾರು ಪುಟಗಳನ್ನು ತಡೆಯಿತು. ಹೇಗೋ ಆ ಪಟ್ಟಿ ಹೊರಗೆ ಸೋರಿತು. ಬೆಂಗಳೂರಿನ ಸೆಂಟರ್ ಫಾರ್ ಇಂಟರ್‌ನೆಟ್ ಅಂಡ್ ಸೊಸೈಟಿ ಅದನ್ನು ಬಿಡಿಸಿ ನೋಡಿತು. ಒಟ್ಟು 309 ಬಾಬುಗಳು. ಅವುಗಳಲ್ಲಿ ಕೆಲವು, ಹಬ್ಬಿದ ಸುದ್ದಿ ಸುಳ್ಳೆಂದು ತೋರಿಸಿಕೊಟ್ಟ ಬರಹಗಳೇ ಆಗಿದ್ದವು! ಬೆಂಕಿಯೊಡನೆ ನೀರಿನ ಕೊಡವನ್ನೂ ಮುಟ್ಟುಗೋಲು ಹಾಕಿಕೊಂಡಂತಾಯಿತು. ಆ ತಪ್ಪಿನ ಹಿಂದೆ ದುರುದ್ದೇಶವಿತ್ತೆಂದು ನಾನು ಭಾವಿಸುವುದಿಲ್ಲ, ಅವಸರವಿತ್ತು. ಅವಸರದ ತಪ್ಪು ತಿದ್ದುವುದಕ್ಕೆ ಕಣ್ಣಿಗೆ ಬೀಳಬೇಕು. ಆ ಪಟ್ಟಿ ಸೋರದಿದ್ದರೆ ಅದು ಯಾರ ಕಣ್ಣಿಗೂ ಬೀಳುತ್ತಿರಲಿಲ್ಲ.

ಇನ್ನೊಂದು ನಿದರ್ಶನ ನಗು ಬರಿಸುವಂಥದು. ವರದಕ್ಷಿಣೆಯ ಪದ್ಧತಿಯನ್ನು ಗೇಲಿ ಮಾಡಲೆಂದು ಒಬ್ಬರು ‘ಡೌರಿ ಕ್ಯಾಲ್ಕ್ಯುಲೇಟರ್’ ಎಂಬ ಜಾಲತಾಣ ಮಾಡಿದ್ದರು. ಹುಡುಗನ ಓದು, ಸಂಬಳಗಳನ್ನು ತುಂಬಿದರೆ ಅದು ಅವನ ‘ಬೆಲೆ’ ಹೇಳುತ್ತಿತ್ತು. 2018ರಲ್ಲಿ ವ್ಯಂಗ್ಯವನ್ನು ಅಕ್ಷರಶಃ ಓದಿ, ವರದಕ್ಷಿಣೆಗೆ ಕುಮ್ಮಕ್ಕು ಕೊಡುತ್ತದೆಂದು ಅದನ್ನು ತಡೆದರು. ಮಾಡಿದವರಿಗೆ ನೋಟೀಸಿಲ್ಲ, ಆಜ್ಞೆಯ ಪ್ರತಿಯಿಲ್ಲ. 2022ರ ಮೇ ತಿಂಗಳಲ್ಲಿ ದೆಹಲಿ ಉಚ್ಚ ನ್ಯಾಯಾಲಯ ಪ್ರತಿಯನ್ನು ಕೊಟ್ಟು ಅವರ ಮಾತು ಕೇಳಬೇಕೆಂದು ಹೇಳಿತು. ಒಂದು ವಿಡಂಬನೆಗೆ ಪೀಠಿಕೆಯಾಗಿ ಉಚ್ಚ ನ್ಯಾಯಾಲಯದ ಆಜ್ಞೆ ಬೇಕಾದರೆ ನಮ್ಮ ಹಾಸ್ಯ ಲೇಖಕರ ಪಾಡೇನು?

ಈಗ ನಮ್ಮ ಉಚ್ಚ ನ್ಯಾಯಾಲಯದ ಎರಡು ತೀರ್ಪುಗಳಿಗೆ ಬರೋಣ. 2021ರ ಫೆಬ್ರವರಿಯಿಂದ ಒಂದು ವರ್ಷದಲ್ಲಿ 1,474 ಖಾತೆಗಳನ್ನೂ 175 ಬರಹಗಳನ್ನೂ ತಡೆಯಬೇಕೆಂದು ತನಗೆ ಆಜ್ಞೆ ಬಂದಿತೆಂದೂ, ಅವುಗಳಲ್ಲಿ 39ನ್ನು ಪ್ರಶ್ನಿಸುತ್ತಿದ್ದೇನೆಂದೂ ಟ್ವಿಟರ್ ಕಂಪನಿ 2022ರಲ್ಲಿ ಬೆಂಗಳೂರಿನಲ್ಲಿ ಅರ್ಜಿ ಹಾಕಿತು. 2023ರ ಜೂನ್ 30ರಂದು ಅರ್ಜಿ ವಜಾ ಆಯಿತು. ಆಜ್ಞೆಗಳನ್ನು ಪಾಲಿಸಲು ತಡಮಾಡಿದ್ದಕ್ಕಾಗಿ 50 ಲಕ್ಷ ರೂಪಾಯಿ ದಂಡವೂ ಬಿದ್ದಿತು. 2024ರ ಅಕ್ಟೋಬರಿನಲ್ಲಿ ಕೇಂದ್ರ ಗೃಹ ಮಂತ್ರಾಲಯ ‘ಸಹಯೋಗ್’ ಎಂಬ ಜಾಲದ್ವಾರವನ್ನು ತೆರೆಯಿತು. ಅದರ ಮೂಲಕ ಕೇಂದ್ರ, ರಾಜ್ಯಗಳ ಅಧಿಕಾರಿಗಳು ಕಂಪನಿಗಳಿಗೆ ನೇರವಾಗಿ “ಇದನ್ನು ತೆಗೆಯಿರಿ” ಎಂದು ಬರೆಯಬಹುದು. ಇದು 69ಎ ಕಲಮಿನ ದಾರಿಯಲ್ಲ. ಕಾನೂನುಬಾಹಿರವಾದುದನ್ನು ತಿಳಿಸಿದ ಮೇಲೂ ತೆಗೆಯದಿದ್ದರೆ ಕಂಪನಿಗಿರುವ ರಕ್ಷಣೆ ಹೋಗುತ್ತದೆಂದು ಹೇಳುವ 79ನೆಯ ಕಲಮಿನ ದಾರಿ. ಮುಂಬಾಗಿಲಲ್ಲಿ ಅಷ್ಟಿಷ್ಟು ವಿಚಾರಣೆಯಿದೆ, ಈ ಹಿತ್ತಿಲ ಬಾಗಿಲಲ್ಲಿ ಅದೂ ಇಲ್ಲವೆಂಬುದು ಕಂಪನಿಯ ವಾದ. 2025ರ ಸೆಪ್ಟೆಂಬರ್ 24ರಂದು ಈ ಅರ್ಜಿಯನ್ನೂ ಉಚ್ಚ ನ್ಯಾಯಾಲಯ ವಜಾ ಮಾಡಿತು. ಮರುತಿಂಗಳು ಸರ್ಕಾರ ತಾನಾಗಿಯೇ ನಿಯಮಗಳನ್ನು ಸ್ವಲ್ಪ ಬಿಗಿಗೊಳಿಸಿ, ಜಂಟಿ ಕಾರ್ಯದರ್ಶಿಗಿಂತ ಕೆಳಗಿನವರು, ಪೋಲೀಸರಲ್ಲಿ ಡಿ.ಐ.ಜಿ.ಗಿಂತ ಕೆಳಗಿನವರು ಇಂಥ ಸೂಚನೆ ಕೊಡಕೂಡದೆಂದು ಕಟ್ಟು ಮಾಡಿತು. ಇದನ್ನು ಮೆಚ್ಚಬೇಕು. ಆದರೆ ಇದೂ ಮನೆಯೊಳಗಿನವರೇ ಮನೆಯ ಲೆಕ್ಕ ನೋಡಿಕೊಳ್ಳುವ ಏರ್ಪಾಡು.

ಎರಡು ತೀರ್ಪುಗಳಲ್ಲಿಯೂ ಬಂದ ಒಂದು ಮಾತು ವಿಚಾರ ಮಾಡತಕ್ಕದ್ದು. ವಾಕ್‌ಸ್ವಾತಂತ್ರ್ಯ ನಮ್ಮ ಸಂವಿಧಾನದ 19ನೆಯ ಅನುಚ್ಛೇದದಂತೆ ನಾಗರಿಕರ ಹಕ್ಕು. ವಿದೇಶೀ ಕಂಪನಿ ನಾಗರಿಕನಲ್ಲ. ಆದುದರಿಂದ ಆ ಹಕ್ಕನ್ನು ಮುಂದಿಟ್ಟು ವಾದಿಸಲು ಅದಕ್ಕೆ ಅಧಿಕಾರವಿಲ್ಲ. ಕಾಯಿದೆಯ ದೃಷ್ಟಿಯಿಂದ ಇದರಲ್ಲಿ ಹುರುಳಿದೆ. ಕೋಟಿಗಟ್ಟಲೆ ಡಾಲರಿನ ಕಂಪನಿಗಳು ನಮ್ಮ ಸ್ವಾತಂತ್ರ್ಯದ ವಕೀಲರೆಂದು ನಂಬುವ ಮುಗ್ಧತೆ ಈ ಲೇಖಕನಿಗೂ ಇಲ್ಲ. ನಮ್ಮ ಒಳಗುಟ್ಟುಗಳನ್ನು ಜಾಹೀರಾತುಗಾರರಿಗೆ ಒಪ್ಪಿಸಿಯೇ ಅವು ಬೆಳೆದಿವೆ. ಆದರೆ ಒಟ್ಟು ಚಿತ್ರವನ್ನು ನೋಡಿರಿ. ಆಜ್ಞೆ ಯಾರಿಗೆ ತಿಳಿದಿದೆಯೋ ಆ ಕಂಪನಿಗೆ ಹಕ್ಕಿಲ್ಲ. ಯಾರಿಗೆ ಹಕ್ಕಿದೆಯೋ ಆ ಬರಹಗಾರನಿಗೆ ಆಜ್ಞೆ ತಿಳಿಯುವುದಿಲ್ಲ. ಇಬ್ಬರ ನಡುವೆ ಪ್ರಶ್ನೆ ಕೇಳುವವರೇ ಇಲ್ಲದಂತಾಯಿತು.

ಸರ್ಕಾರದ ಪಕ್ಷಕ್ಕೂ ಮಾತಿದೆ. 2018ರ ಜುಲೈಯಲ್ಲಿ ಬೀದರ ಜಿಲ್ಲೆಯ ಮುರ್ಕಿಯಲ್ಲಿ ಮಕ್ಕಳ ಕಳ್ಳರೆಂಬ ವದಂತಿಯನ್ನು ನಂಬಿದ ಗುಂಪು ಹೈದರಾಬಾದಿನಿಂದ ಬಂದಿದ್ದ ಒಬ್ಬ ಇಂಜಿನಿಯರನನ್ನು ಹೊಡೆದು ಕೊಂದಿತು. ವದಂತಿ ಹಾರಿದ್ದು ವಾಟ್ಸಾಪಿನ ರೆಕ್ಕೆಯ ಮೇಲೆ. ಮಕ್ಕಳನ್ನು ದುರುಪಯೋಗಪಡಿಸಿಕೊಳ್ಳುವ ಚಿತ್ರಗಳು, ಹೆಣ್ಣುಮಕ್ಕಳ ಮಾನ ಕಳೆಯುವ ಕೃತಕ ದೃಶ್ಯಗಳು ಗಂಟೆಯೊಳಗೆ ಲಕ್ಷ ಜನರನ್ನು ಮುಟ್ಟುವ ಈ ದಿನಗಳಲ್ಲಿ ತಡೆಯುವ ಅಧಿಕಾರವೇ ಬೇಡವೆನ್ನುವವನು ಹೊಣೆಗೇಡಿ. ಆದರೆ ಆ ಬೇಸಗೆಯ ಕೊಲೆಗಳ ಅನಂತರ ಮಾಡಿದ್ದೇನು? ಒಂದು ಸಂದೇಶವನ್ನು ಒಮ್ಮೆಗೆ ಐದು ಕಡೆಗಿಂತ ಹೆಚ್ಚು ದಾಟಿಸಲಾಗದಂತೆ ಕಂಪನಿಯೇ ಭಾರತದಲ್ಲಿ ಮಿತಿ ಹಾಕಿತು. (2012ರಲ್ಲಿಯೂ ಐದು, 2018ರಲ್ಲಿಯೂ ಐದು, ನಮ್ಮ ಆಡಳಿತದಲ್ಲಿ ಪಂಚಾಯತಿಯ ಪ್ರಭಾವ ದೊಡ್ಡದು!) ಯಾರ ಪತ್ರವನ್ನೂ ಒಡೆಯದೆ, ಯಾರ ಬರಹವನ್ನೂ ಗುಟ್ಟಾಗಿ ಅಳಿಸದೆ, ಎಲ್ಲರಿಗೂ ಗೊತ್ತಿರುವ ಒಂದು ನಿಯಮದಿಂದ ಆದ ಕೆಲಸವದು. ಹಾಗೆಯೇ ಅಂತರ್ಜಾಲವನ್ನೇ ನಿಲ್ಲಿಸುವ ಆಜ್ಞೆಗಳ ವಿಷಯದಲ್ಲಿ, ಕಾಶ್ಮೀರದ 2019ರ ದೀರ್ಘ ಮೌನವನ್ನು ಕುರಿತ ಅನುರಾಧಾ ಭಾಸಿನ್ ಮೊಕದ್ದಮೆಯಲ್ಲಿ, ಆಜ್ಞೆಯನ್ನು ಪ್ರಕಟಿಸಲೇಬೇಕೆಂದು ಸರ್ವೋಚ್ಚ ನ್ಯಾಯಾಲಯ 2020ರ ಜನವರಿಯಲ್ಲಿ ಹೇಳಿತು. ಒಂದು ಕಣಿವೆಯ ಅಂತರ್ಜಾಲವನ್ನೆಲ್ಲ ನಿಲ್ಲಿಸಿದ ಆಜ್ಞೆಯನ್ನು ಪ್ರಕಟಿಸಬಹುದಾದರೆ, ಒಂದು ಲೇಖನವನ್ನು ತಡೆದ ಆಜ್ಞೆಯಲ್ಲಿ ಅದಕ್ಕಿಂತ ದೊಡ್ಡ ರಹಸ್ಯ ಯಾವುದಿದೆ?

ಈ ನಡುವೆ ಸಾಮಾನ್ಯನು ತನ್ನನ್ನು ತಾನು ಕಾಪಾಡಿಕೊಳ್ಳಲು ಏನು ಮಾಡಬಹುದು ಎಂದು ವಿದ್ಯಾರ್ಥಿಗಳು ಕೇಳುವುದುಂಟು. ಅಂಚೆಯ ಹೋಲಿಕೆಯಿಂದ ಇದನ್ನು ತಿಳಿಯಬಹುದು. ಸಾಮಾನ್ಯ ಮೊಬೈಲ್ ಸಂದೇಶ ಒಂದು ಕಾರ್ಡು. ದಾರಿಯಲ್ಲಿರುವವರು ಮನಸ್ಸು ಮಾಡಿದರೆ ಓದಬಹುದು. ವಾಟ್ಸಾಪ್, ಸಿಗ್ನಲ್‌ಗಳಲ್ಲಿ ಹೋಗುವುದು ಅರಗು ಒತ್ತಿದ ಲಕೋಟೆ. ಬರೆದವನ ಕೈಯಲ್ಲಿ ಬೀಗ, ಓದುವವನ ಕೈಯಲ್ಲಿ ಬೀಗದ ಕೈ. ನಡುವಿನ ಕಂಪನಿಗೂ ಒಳಗಿನದು ಕಾಣದು. ಆದರೆ ಲಕೋಟೆಯ ಮೇಲಿನ ವಿಳಾಸವೂ ಅಂಚೆಯ ಮುದ್ರೆಯೂ ಕಾಣುತ್ತವೆ. ಯಾರು ಯಾರಿಗೆ, ಎಂದು, ಎಷ್ಟು ಸಲ ಬರೆದರು ಎಂಬುದರಿಂದಲೇ ಒಬ್ಬನ ಬದುಕಿನ ಮುಕ್ಕಾಲು ಪಾಲನ್ನು ಊಹಿಸಬಹುದು. ಅಪರಾತ್ರಿಯಲ್ಲಿ ವೈದ್ಯರಿಗೆ, ಮುಂಜಾನೆ ವಕೀಲರಿಗೆ, ಮಧ್ಯಾಹ್ನ ಪತ್ರಕರ್ತರಿಗೆ ಕರೆ ಹೋಗಿದ್ದರೆ ಒಳಗಿನ ಮಾತು ಏಕೆ ಬೇಕು? ಸಂದೇಶವನ್ನು ಮೊದಲು ಕಳಿಸಿದವನು ಯಾರೆಂದು ಕೇಳಿದಾಗ ಹೇಳಬೇಕೆಂದು 2021ರ ನಿಯಮಗಳು ವಿಧಿಸಿದುವು. ಅದಕ್ಕಾಗಿ ಎಲ್ಲರ ಲಕೋಟೆಗಳನ್ನೂ ಸಡಿಲ ಮಾಡಬೇಕಾಗುತ್ತದೆಂದು ವಾಟ್ಸಾಪ್ ದೆಹಲಿ ಉಚ್ಚ ನ್ಯಾಯಾಲಯದಲ್ಲಿ ಅದನ್ನು ಪ್ರಶ್ನಿಸಿತು. ಇನ್ನು ಬರೆಯುವವನ ಭುಜದ ಮೇಲಿಂದಲೇ ಬಗ್ಗಿ ನೋಡುವ ಪೆಗಾಸಸ್‌ನಂಥ ಸಾಧನದ ಮುಂದೆ ಲಕೋಟೆಯ ಅರಗಿಗೆ ಬೆಲೆಯಿಲ್ಲ. 2021ರಲ್ಲಿ ಆ ವಿವಾದ ಎದ್ದಾಗ ಸರ್ವೋಚ್ಚ ನ್ಯಾಯಾಲಯ ನ್ಯಾಯಮೂರ್ತಿ ಆರ್. ವಿ. ರವೀಂದ್ರನ್ ಅವರ ಮೇಲ್ವಿಚಾರಣೆಯಲ್ಲಿ ತಜ್ಞರ ಸಮಿತಿಯನ್ನು ನೇಮಿಸಿತು. ಪರೀಕ್ಷಿಸಿದ 29 ಫೋನುಗಳಲ್ಲಿ ಐದರಲ್ಲಿ ಏನೋ ಕೇಡಿನ ತಂತ್ರಾಂಶವಿತ್ತು. ಅದು ಪೆಗಾಸಸ್ಸೇ ಎಂದು ಹೇಳಲಾಗಲಿಲ್ಲ. ಸರ್ಕಾರ ಸಮಿತಿಯೊಡನೆ ಸಹಕರಿಸಲಿಲ್ಲವೆಂದು 2022ರ ಆಗಸ್ಟಿನಲ್ಲಿ ಮುಖ್ಯ ನ್ಯಾಯಮೂರ್ತಿಗಳೇ ಬಹಿರಂಗವಾಗಿ ನುಡಿದರು. ಅಲ್ಲಿಯೂ ಉತ್ತರ ಸಿಕ್ಕದೆ ಹೋದುದು ಒಂದೇ ಪ್ರಶ್ನೆಗೆ: ನೋಡಿದವರು ಯಾರು?

2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯಿದೆಯ ನಿಯಮಗಳು 2025ರ ನವೆಂಬರಿನಲ್ಲಿ ಪ್ರಕಟವಾದುವು. ಹಂತಹಂತವಾಗಿ ಜಾರಿಗೆ ಬರುವಂತೆ ಅವನ್ನು ರಚಿಸಿದ್ದಾರೆ. ಈ ಕಾಯಿದೆಯಲ್ಲಿ ಒಂದು ಒಳ್ಳೆಯ ಅಂಶವಿದೆ. ನಿಮ್ಮ ವಿವರಗಳು ಒಂದು ಬ್ಯಾಂಕಿನಿಂದಲೋ ಅಂಗಡಿಯಿಂದಲೋ ಸೋರಿದರೆ ಆ ಸಂಸ್ಥೆ ನಿಮಗೆ ತಿಳಿಸಲೇಬೇಕು. ಆದರೆ ಇದೇ ಕಾಯಿದೆಯ 17ನೆಯ ಕಲಮಿನಂತೆ ಕೇಂದ್ರ ಸರ್ಕಾರ ತನ್ನ ಯಾವುದೇ ಅಂಗಕ್ಕೆ, ಭದ್ರತೆಯೇ ಮೊದಲಾದ ಕಾರಣಗಳಿಂದ, ಕಾಯಿದೆಯಿಂದಲೇ ವಿನಾಯಿತಿ ಕೊಡಬಹುದು. ಅಂಗಡಿಯವನು ತಿಳಿಸಬೇಕು, ಅರಸನು ತಿಳಿಸಬೇಕಾಗಿಲ್ಲ.

ನ್ಯಾಯಮೂರ್ತಿ ಪುಟ್ಟಸ್ವಾಮಿಯವರು 2024ರ ಅಕ್ಟೋಬರಿನಲ್ಲಿ, 98ನೆಯ ವಯಸ್ಸಿನಲ್ಲಿ, ತೀರಿಕೊಂಡರು. ಅದಾದ ಕೆಲವೇ ತಿಂಗಳಿಗೆ, 2025ರ ಮಾರ್ಚಿಯಲ್ಲಿ, 2009ರ ತಡೆ ನಿಯಮಗಳನ್ನೇ ಪ್ರಶ್ನಿಸಿದ ಅರ್ಜಿಯೊಂದರ ಮೇಲೆ ಸರ್ವೋಚ್ಚ ನ್ಯಾಯಾಲಯ ಕೇಂದ್ರ ಸರ್ಕಾರಕ್ಕೆ ನೋಟೀಸು ನೀಡಿತು. ಆ ಅರ್ಜಿಯ ಬಹುಪಾಲು ವಾದ ನಿಂತಿರುವುದು ಎಂಟನೆಯ ನಿಯಮದ ಒಂದೇ ಒಂದು ಮಾತಿನ ಮೇಲೆ. ತಡೆಯುವ ಮುನ್ನ ಬರೆದ ವ್ಯಕ್ತಿಗೆ ‘ಅಥವಾ’ ಮಧ್ಯವರ್ತಿ ಕಂಪನಿಗೆ ನೋಟೀಸು ಕೊಡತಕ್ಕದ್ದು ಎಂದು ನಿಯಮ ಹೇಳುತ್ತದೆ. ಆ ‘ಅಥವಾ’ ಎಂಬುದನ್ನು ಹಿಡಿದು, ಕಂಪನಿಗೆ ತಿಳಿಸಿದರೆ ಸಾಕು, ಬರೆದವನಿಗೆ ತಿಳಿಸಬೇಕಾಗಿಲ್ಲವೆಂದು ಅಧಿಕಾರಿಗಳು ನಡೆದುಕೊಂಡು ಬಂದಿದ್ದಾರೆ. ಬರೆದವನು ಯಾರೆಂದು ಗೊತ್ತಿದ್ದರೆ ಅವನಿಗೂ ತಿಳಿಸಬೇಕಲ್ಲವೆ ಎಂಬುದು ಮೇಲ್ನೋಟಕ್ಕೆ ಪೀಠಕ್ಕೆ ತೋರಿದ ಪ್ರಶ್ನೆ. ‘ಅಥವಾ’ ಹೋಗಿ ‘ಮತ್ತು’ ಬರಬೇಕೆಂಬುದೇ ಅರ್ಜಿದಾರರ ಬೇಡಿಕೆಯ ಸಾರ.